ಸೋದರಮಾವ

ಸೊಹಾರ್ ಬಂದರಿನ ಹಿಂದೆ, ಕೋಲ್ಡ್ ಸ್ಟೋರೇಜಿನ ಮಾಳಿಗೆ ಮೇಲೆ
ಕಂಪ್ರೆಸರ್ ಬಿಚ್ಚಿಕೊಂಡು ಕೂತಾಗ
ವಾಡೆಯಿಂದ ಫೋನು ಬಂತು.
ಬಸವಂತರಾಯರು. ಅವರೇ. ಖುದ್ದು.
"ಏನಪ್ಪಾ ಝರೆಪ್ಪ, ಆರಾಮ?"
ಝರ್ಯಾ ಎಂಬಲ್ಲಿಂದ ಝರೆಪ್ಪ ಎಂಬಲ್ಲಿಗೆ ಬರಲು
ಇಪ್ಪತ್ತೊಂದು ವರ್ಷ ಹಿಡಿಯಿತು,
ನಡುವೆ ಒಂದು ಕಡಲು.

ವಿಷಯ ಇಷ್ಟೇ: ಮಗಳು ಸೃಷ್ಟಿ ಡಾಕ್ಟರಾಗಬೇಕು.
ರ‍್ಯಾಂಕು ಲಕ್ಷಗಟ್ಟಲೆ ಹಿಂದೆ ಉಳಿದಿದೆ.
ಎನ್ನಾರೈ ಕೋಟಾದಲ್ಲಿ ಒಂದು ಸೀಟಿದೆ,
ಹೊರದೇಶದ ನಂಟನೊಬ್ಬ ಬೇಕು.
"ರೊಕ್ಕ ನಮ್ಮದೇ. ನಿನ್ನ ಖಾತೆಗೆ ಬರ್ತದ,
ನಿನ್ನ ಖಾತೆಯಿಂದ ಹೋಗ್ತದ.
ನಿಂದು ಬರೇ ಸಹಿ."
ಕಾಗದ ವಾಟ್ಸಾಪಿನಲ್ಲಿ ಬಂತು.
ವಿದ್ಯಾರ್ಥಿನಿಯೊಂದಿಗೆ ಸಂಬಂಧ ಎಂಬಲ್ಲಿ
ಮೊದಲೇ ಟೈಪು ಮಾಡಿಸಿದ್ದರು:
ಸೋದರಮಾವ.

ಓದಿದೆ. ಗ್ರೀಸಿನ ಕೈ ಒರೆಸಿಕೊಂಡು ಮತ್ತೆ ಓದಿದೆ.
ಅಂದರೆ ಅವರ ಹೆಂಡತಿ ನನ್ನ ಅಕ್ಕ.
ಅಂದರೆ ನನ್ನ ಅವ್ವ ಅವರಿಗೆ ಅತ್ತೆ.
ವಾಡೆಯ ಸಗಣಿ ಬಾಚಿ, ಹಿಂಬಾಗಿಲಲ್ಲಿ
ಸೆರಗು ಚಾಚಿ ಜೋಳ ಹಾಕಿಸಿಕೊಂಡವಳು,
ಮೇಲಿನಿಂದ, ತಾಗದ ಹಾಗೆ.
ಅವ್ವಾ, ನೀನಿದ್ದಿದ್ದರೆ
ಅಳಿಯನಿಗೆ ಹೋಳಿಗೆ ಬಡಿಸಬಹುದಿತ್ತು.

ನನ್ನ ಮಹಾನಂದಾ ಹೋದ ವರ್ಷ ಸೇರಿದಳು.
ಮೆಡಿಕಲ್ಲೇ. ಸರಕಾರಿ ಸೀಟು, ನಮ್ಮ ಕೆಟಗರಿಯದು.
ಹಾಸ್ಟೆಲಿನ ಮೊದಲ ರಾತ್ರಿ
ಊರು ಕೇಳುವ ಮೊದಲೇ ರ‍್ಯಾಂಕು ಕೇಳಿದರಂತೆ.
ಹೇಳಿದಳಂತೆ. "ಓ" ಅಂದರಂತೆ.
ಆ 'ಓ'ಗೆ ಬಾಗಿಲುಂಟು, ಹೊರಗಿನಿಂದ ಚಿಲಕವುಂಟು,
ಅದರೊಳಗೇ ಅವಳು ಐದು ವರ್ಷ ಓದಬೇಕು.
ಸೃಷ್ಟಿ ಅವಳಿಗಿಂತಲೂ ಎಷ್ಟೋ ಹಿಂದೆ.
ಅವಳನ್ನು ಯಾರು ಕೇಳುತ್ತಾರೆ?
ನೋಟಿಗೆ ಕಟಾಫ್ ಇಲ್ಲ.

ಕ್ಯಾಂಪಿನಲ್ಲಿ ನನ್ನ ಮೇಲಿನ ಬಂಕು ಪ್ರಾಣೇಶನದು.
ಮಾನ್ವಿ ಕಡೆಯವ, ಆಚಾರ್ರ ಮನೆತನ, ಮೆಸ್ಸಿನ ಅಡುಗೆ.
ಅವನ ಮಗನಿಗೆ ನನ್ನ ಮಗಳಿಗಿಂತ ಹೆಚ್ಚೇ ಬಂದಿತ್ತು.
ಸೀಟು ಬರಲಿಲ್ಲ.
ಎರಡು ದಿನ ಮಾತು ಬಿಟ್ಟ.
ಅವನು ಮಗ್ಗುಲು ಬದಲಿಸಿದಾಗೆಲ್ಲ
ಕಬ್ಬಿಣ ನನ್ನ ಮುಖದ ಮೇಲೆ ಕಿರುಗುಟ್ಟಿತು.
ಅವನ ಬಾಯಲ್ಲಿ ಒಂದು ಪ್ರಶ್ನೆ,
ನನ್ನ ಬಾಯಲ್ಲಿ ಮೂರು ತಲೆಮಾರಿನ ಉತ್ತರ.
ನುಂಗಿ ಮಲಗಿದೆವು.
ಮೂರನೆಯ ದಿನ ತಾಟಿಗೆ ಒಂದು ಚಪಾತಿ ಹೆಚ್ಚು ಹಾಕಿ
"ಚೆಂದಾಗಿ ಓದು ಅನ್ನು ಮಗಳಿಗೆ" ಅಂದ, ಆಚೆ ನೋಡುತ್ತ.
ಅದಕ್ಕೇನು ಹೆಸರಿಡಬೇಕೋ ತಿಳಿಯದೆ ತಿಂದೆ.

ನನಗೆ ಬರುವ ವಿದ್ಯೆ ಒಂದೇ.
ತಂಪನ್ನು ಯಾರೂ ತಯಾರಿಸುವುದಿಲ್ಲ,
ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಚೆಲ್ಲುತ್ತೇವೆ.
ಒಳಗೆ ಕೂತವರು, ಹವೆ ಎಷ್ಟು ಹಿತ, ಎನ್ನುತ್ತಾರೆ.
ಯಂತ್ರದ ಬೆನ್ನು ಯಾರ ಮುಖಕ್ಕೆ ಉಸಿರು ಬಿಡುತ್ತದೆಂದು
ನೋಡಬೇಕಾದರೆ ಮಾಳಿಗೆ ಹತ್ತಬೇಕು,
ಜೂನಿನ ನಡುಮಧ್ಯಾಹ್ನ, ಸೊಹಾರಿನಲ್ಲಿ.

ಸಂಜೆ ಮತ್ತೆ ರಾಯರು. "ಆಯ್ತೇನು?"
"ಒಂದು ಮಾತು ಕೇಳ್ತೀನ್ರೀ.
ಸೋದರಮಾವ ಅಂದಮ್ಯಾಲ
ನಾಳೆ ಸೃಷ್ಟಿ ಲಗ್ನದಾಗ ನಾನೇ ಕೈಹಿಡಿದು
ಹಂದರಕ್ಕ ತರಬೇಕಲ್ರೀ.
ಯಾವ ಬಾಗಿಲಿಂದ ಒಳಗ ಬರಲಿ?"

ಅಲ್ಲಿ ಯಾರೋ ಟಿವಿ ಸಣ್ಣ ಮಾಡಿದರು.
ಫೋನಿನ ತುಂಬ ಕಡಲು.
ಆಮೇಲೆ ನಕ್ಕರು: "ಹುಚ್ಚ, ಇದು ಬರೇ ಕಾಗದದ ಮ್ಯಾಲ."
"ಹೌದ್ರೀ," ಅಂದೆ.
"ಕಾಗದದ ಮ್ಯಾಲೇ ನಾವೂ ಇಲ್ಲೀತನಕ ಬಂದದ್ದು.
ಅದರ ಮ್ಯಾಲ ಸುಳ್ಳು ಬರೀಲಿಕ್ಕೆ ಕೈ ಬರವಲ್ದು."

ರಾತ್ರಿ ಪ್ರಾಣೇಶ ಬಂಕಿನಿಂದ ಇಳಿದು ಬಂದ,
ಏನದು, ಅಂತ. ತೋರಿಸಿದೆ.
ಕನ್ನಡಕ ಹುಡುಕಿ, ನಿಧಾನ ಓದಿ,
ಆ ಒಂದು ಪದದ ಮೇಲೆ ಬೆರಳಿಟ್ಟುಕೊಂಡೇ
"ಇದಕ್ಕ ಎಷ್ಟು ಮಾರ್ಕು ಬೇಕಂತ?" ಅಂದ.

ಹೇಳಿದೆ.
ಲೈಟು ಆರಿಸುವುದು ಇಬ್ಬರಿಗೂ ನೆನಪಾಗಲಿಲ್ಲ.